ಆಸ್ಟರಾಯ್ಡ್ಸ್ ಗೇಮ್ ಮಶೀನ್: ಹೊಸ ಫ್ಯೂಸ್ ಹಾಕಿದ ತಕ್ಷಣ ಹಾರುತ್ತಿದೆ, ಎಲ್ಲಿಂದ ಹುಡುಕಲಿ?

ಸನ್ನಿವೇಲ್ ಸಂಜೆ

ಎಲ್ಲರಿಗೂ ನಮಸ್ಕಾರ. ಹೋದ ಭಾನುವಾರ ಒಂದು ಮನೆ ಖಾಲಿ ಮಾಡುವ ಸೇಲ್‌ನಲ್ಲಿ ಆಸ್ಟರಾಯ್ಡ್ಸ್ ಮಶೀನ್ ಸಿಕ್ಕಿತು. ಕಾಯಿನ್ ಹಾಕಿ ಆಡುವ ಹಳೇ ವಿಡಿಯೋ ಗೇಮ್. ನಿಂತು ಆಡುವ ದೊಡ್ಡ ಕ್ಯಾಬಿನೆಟ್. 1979ರದು. ಇದನ್ನು ಮಾಡಿದ ಅಟಾರಿ ಕಂಪನಿ ಆಗ ಇದ್ದದ್ದು ಕ್ಯಾಲಿಫೋರ್ನಿಯಾದ ನಮ್ಮ ಸನ್ನಿವೇಲ್‌ನಲ್ಲೇ. ನಾನು ದಿನಾ ಓಡಾಡುವ ಊರಿನಲ್ಲಿ ರೂಪುಗೊಂಡ ಗೇಮ್ ಇದು ಅಂತ ಅನಿಸಿ, ಬಿಟ್ಟು ಬರಲು ಮನಸ್ಸಾಗಲಿಲ್ಲ.

ತೊಂದರೆ ಏನೆಂದರೆ ಇದು ಆನ್ ಆಗುತ್ತಿಲ್ಲ. ಹಿಂದಿನ ಬಾಗಿಲು ತೆಗೆದು ನೋಡಿದೆ. ತಳದಲ್ಲಿ ಪವರ್ ಸಪ್ಲೈ ಇದೆ. ದೊಡ್ಡ ಟ್ರಾನ್ಸ್‌ಫಾರ್ಮರ್, ಪಕ್ಕದಲ್ಲಿ ಡಬ್ಬಿಯಷ್ಟು ದಪ್ಪದ ನೀಲಿ ಕೆಪಾಸಿಟರ್ (ಕರೆಂಟ್ ತುಂಬಿಟ್ಟುಕೊಳ್ಳುವ ಪಾರ್ಟ್), ಸಾಲಾಗಿ ಗಾಜಿನ ಫ್ಯೂಸ್‌ಗಳು. ಒಂದು ಫ್ಯೂಸ್ ಹೋಗಿತ್ತು. ಹೊಸದು ಹಾಕಿ ಸ್ವಿಚ್ ಒತ್ತಿದೆ, ಟಪ್ ಅಂತ ಹೋಯಿತು. ಇನ್ನೊಂದು ಹಾಕಿದೆ, ಅದೂ ಹೋಯಿತು. ಈಗ ಎರಡು ಫ್ಯೂಸ್ ಉಳಿದಿದೆ.

ನನಗೆ ಸಾಫ್ಟ್‌ವೇರ್ ಕೆಲಸ ಗೊತ್ತು. ಸೋಲ್ಡರಿಂಗ್ ಸುಮಾರಾಗಿ ಬರುತ್ತದೆ. ಮಲ್ಟಿಮೀಟರ್ ಇದೆ. ಎಲ್ಲಿಂದ ಶುರು ಮಾಡಲಿ?

ಬೆಸುಗೆಕಡ್ಡಿ

ಮೊದಲು ಆ ಎರಡು ಫ್ಯೂಸ್ ಎತ್ತಿ ಡ್ರಾಯರ್ ಒಳಗೆ ಇಟ್ಟುಬಿಡಿ. ಕಾರಣ ಸಿಗುವವರೆಗೆ ಮುಟ್ಟಬೇಡಿ.

ನಾನು ಮೈಸೂರಿನಲ್ಲಿ 30 ವರ್ಷ ಟಿವಿ, ಆಂಪ್ಲಿಫೈಯರ್ ರಿಪೇರಿ ಮಾಡಿದವನು. ಗೇಮ್ ಮಶೀನು ಕೈಗೆ ಬಂದದ್ದು ಕಡಿಮೆ. ಆದರೆ ಪವರ್ ಸಪ್ಲೈ ಎಲ್ಲ ಕಡೆ ಒಂದೇ ಜಾತಿ. ಮೂರು ವಿಷಯ ಹೇಳಿ.

ಯಾವ ಫ್ಯೂಸ್ ಹೋಗುತ್ತಿದೆ? ಸಾಲಿನಲ್ಲಿ ಎಷ್ಟನೆಯದು ಅಂತಲ್ಲ, ಅದರ ವೈರ್ ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ?

ಎಷ್ಟು ಹೊತ್ತಿಗೆ ಹೋಗುತ್ತದೆ? ಒತ್ತಿದ ಕ್ಷಣವೇ, ಎರಡು ಮೂರು ಸೆಕೆಂಡ್ ಬಿಟ್ಟಾ, ಅಥವಾ ಅರ್ಧ ಗಂಟೆಗಾ?

ಹೋದ ಫ್ಯೂಸ್ ಗಾಜು ಹೇಗೆ ಕಾಣುತ್ತದೆ? ಬಿಸಾಕಿಲ್ಲ ತಾನೆ? ನನ್ನ ಅಂಗಡಿಯಲ್ಲಿ ಹುಡುಗರಿಗೆ ಮೊದಲ ದಿನವೇ ಹೇಳುತ್ತಿದ್ದೆ, ಸತ್ತ ಫ್ಯೂಸ್ ಎಸೆಯಬೇಡಿ ಅಂತ. ಒಳಗೆ ತಂತಿ ನಡುವೆ ಸಣ್ಣಗೆ ತುಂಡಾಗಿ, ಗಾಜು ಸ್ವಚ್ಛ ಇದ್ದರೆ ಸ್ವಲ್ಪ ಜಾಸ್ತಿ ಕರೆಂಟ್ ತುಂಬ ಹೊತ್ತು ಹರಿದಿದೆ ಎಂದರ್ಥ. ತಂತಿಯೇ ಮಾಯವಾಗಿ ಗಾಜಿಗೆ ಕನ್ನಡಿ ಹಾಗೆ ಬೆಳ್ಳಿ ಬಣ್ಣ ಅಥವಾ ಕಪ್ಪು ಮೆತ್ತಿದ್ದರೆ ಅದು ಗಟ್ಟಿ ಶಾರ್ಟ್.

ಹೊಸಬ ನಾನು

ಸರ್, ಫ್ಯೂಸ್‌ನ ಆಂಪಿಯರ್ ಸ್ವಲ್ಪ ಹೆಚ್ಚಿಸಿ ನೋಡಬಹುದಲ್ವಾ? ಹಳೇ ಮಶೀನ್, ಈಗ ಜಾಸ್ತಿ ಕರೆಂಟ್ ಎಳೆಯುತ್ತಿರಬಹುದು. ನಮ್ಮ ಊರಲ್ಲಿ ಪಂಪ್‌ಸೆಟ್‌ಗೆ ಹಾಗೇ ದಪ್ಪ ತಂತಿ ಕಟ್ಟುತ್ತಾರೆ.

ಗೆರೆ ಚಿತ್ರ

ದಯವಿಟ್ಟು ಬೇಡ. ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಒಳ್ಳೆಯ ಮಶೀನ್‌ಗಳು ಈ ಒಂದು ಕಾರಣಕ್ಕೆ ಹಾಳಾದದ್ದನ್ನು ನೋಡಿದ್ದೇನೆ.

ಫ್ಯೂಸ್ ಇರುವುದು ಗೇಮ್ ಬೋರ್ಡನ್ನು ಕಾಪಾಡಲು ಅಂತ ತುಂಬ ಜನ ತಿಳಿದಿದ್ದಾರೆ. ಐಸಿಗಳು ಫ್ಯೂಸ್‌ಗಿಂತ ಬೇಗ ಸಾಯುತ್ತವೆ. ಫ್ಯೂಸ್ ಕಾಪಾಡುವುದು ವೈರನ್ನು, ಟ್ರಾನ್ಸ್‌ಫಾರ್ಮರನ್ನು, ಕೊನೆಗೆ ಮರದ ಕ್ಯಾಬಿನೆಟ್ ಇರುವ ಮನೆಯನ್ನು. ವೈರ್ ಎಷ್ಟು ಆಂಪಿಯರ್ ತಡೆಯುತ್ತದೋ ಅದಕ್ಕೆ ತಕ್ಕಂತೆ ಫ್ಯೂಸ್ ಇಟ್ಟಿರುತ್ತಾರೆ. ದೊಡ್ಡದು ಹಾಕಿದರೆ ದಾರಿಯಲ್ಲಿ ಎಲ್ಲಕ್ಕಿಂತ ಬಡವ ಯಾರೋ ಅವರು ಸುಡುತ್ತಾರೆ. ಅದು ಟ್ರಾನ್ಸ್‌ಫಾರ್ಮರ್ ಆಗಿದ್ದರೆ ಅಂಥದ್ದು ಮತ್ತೆ ಹೊಸದಾಗಿ ಸಿಗುವುದು ಬಹಳ ಕಷ್ಟ.

ಇನ್ನೊಂದು. ಸ್ಲೋ ಬ್ಲೋ, ಅಂದರೆ ತಡವಾಗಿ ಹೋಗುವ ಫ್ಯೂಸ್, ಬರೆದಿದ್ದಲ್ಲಿ ಸ್ಲೋ ಬ್ಲೋ, ಫಾಸ್ಟ್ ಬರೆದಿದ್ದಲ್ಲಿ ಫಾಸ್ಟ್. ಟ್ರಾನ್ಸ್‌ಫಾರ್ಮರ್ ಆನ್ ಆಗುವ ಕ್ಷಣ ಕರೆಂಟ್ ಒಮ್ಮೆ ನುಗ್ಗುತ್ತದೆ. ಖಾಲಿ ಕೆಪಾಸಿಟರ್ ತುಂಬಿಕೊಳ್ಳುವಾಗಲೂ ಹಾಗೆಯೇ. ಅದನ್ನು ತಾಳಿಕೊಳ್ಳಲು ಸ್ಲೋ ಬ್ಲೋ ಬೇಕು. ಅಲ್ಲಿ ಫಾಸ್ಟ್ ಹಾಕಿದರೆ ಮಶೀನ್ ಚೆನ್ನಾಗಿದ್ದರೂ ಆಗಾಗ ಹೋಗುತ್ತದೆ. ಆಮೇಲೆ ಜನ ಇಲ್ಲದ ದೋಷ ಹುಡುಕುತ್ತಾ ಕೂರುತ್ತಾರೆ.

ನಾನು ಕೆನಡಾದ ಕಿಚನರ್‌ನಲ್ಲಿದ್ದೇನೆ. ಆಸ್ಟರಾಯ್ಡ್ಸ್‌ನ 19 ಇಂಚಿನ ಮಾನಿಟರ್ ಮಾಡಿದ ಎಲೆಕ್ಟ್ರೋಹೋಮ್ ಕಂಪನಿ ಇದೇ ಊರಿನಲ್ಲಿತ್ತು. ಆ ಜಿ05 ಮಾನಿಟರ್ ನನಗೆ ತುಂಬ ಪ್ರಿಯ. ಅಲ್ಲಿಯವರೆಗೆ ಬಂದಾಗ ನನ್ನನ್ನು ಕರೆಯಿರಿ.

ಹೊಸಬ ನಾನು

ಅರ್ಥ ಆಯಿತು ಅಕ್ಕ. ಊರಿಗೆ ಹೋದಾಗ ಪಂಪ್‌ಸೆಟ್ ಫ್ಯೂಸೂ ಸರಿ ಮಾಡಿಸುತ್ತೇನೆ.

ಸನ್ನಿವೇಲ್ ಸಂಜೆ

ಎಲ್ಲರಿಗೂ ಧನ್ಯವಾದ. ಕಸದ ಬುಟ್ಟಿಯಿಂದ ಫ್ಯೂಸ್‌ಗಳನ್ನು ಎತ್ತಿಕೊಂಡೆ. ಮೂರೂ ಒಂದೇ ತರಹ ಇವೆ. ಗಾಜಿನ ಒಳಗೆ ಬೆಳ್ಳಿ ಬಣ್ಣ ಮೆತ್ತಿದೆ, ತಂತಿಯ ಗುರುತೇ ಇಲ್ಲ. ಸ್ವಿಚ್ ಒತ್ತಿದ ಕ್ಷಣವೇ ಹೋಗುತ್ತದೆ.

ವೈರ್ ಹಿಡಿದು ಹೋದೆ. ಟ್ರಾನ್ಸ್‌ಫಾರ್ಮರ್‌ನಿಂದ ಹೊರಟು, ಫ್ಯೂಸ್ ದಾಟಿ, ಕಬ್ಬಿಣದ ತಳಕ್ಕೆ ಸ್ಕ್ರೂ ಹಾಕಿ ಕೂರಿಸಿದ ಚೌಕ ಲೋಹದ ತುಂಡಿಗೆ ಹೋಗುತ್ತದೆ. ಅದಕ್ಕೆ ನಾಲ್ಕು ಕಾಲು. ಅಲ್ಲಿಂದ ನೀಲಿ ಕೆಪಾಸಿಟರ್‌ಗೆ.

ಒಂದು ಆಘಾತದ ವಿಷಯ. ನಾನು ಹಳೆಯ ಫ್ಯೂಸ್ ಮೇಲಿನ ನಂಬರ್ ನೋಡಿ ಅದೇ ಅಳತೆಯದು ತಂದಿದ್ದೆ. ಈಗ ಟಾರ್ಚ್ ಹಾಕಿ ಫ್ಯೂಸ್ ಬ್ಲಾಕ್ ಪಕ್ಕದ ಲೇಬಲ್ ಓದಿದರೆ ಅಲ್ಲಿರುವುದು ಬೇರೆ ಸಂಖ್ಯೆ. ಇನ್ನೂ ಕಡಿಮೆ. ಹಿಂದೆ ಯಾರೋ ದೊಡ್ಡದು ಹಾಕಿದ್ದಾರೆ. ನಾನೂ ಅದನ್ನೇ ನಂಬಿದೆ.

ಬೆಸುಗೆಕಡ್ಡಿ

ಅದಕ್ಕೇ ಲೇಬಲ್ ಅಥವಾ ಸರ್ಕ್ಯೂಟ್ ಚಿತ್ರ ನೋಡಬೇಕು, ಹೋಲ್ಡರ್‌ನಲ್ಲಿ ಸಿಕ್ಕ ಫ್ಯೂಸನ್ನು ನೋಡಬಾರದು. ಈಗಲಾದರೂ ಗೊತ್ತಾಯಿತಲ್ಲ, ಒಳ್ಳೆಯದಾಯಿತು.

ನಿಮ್ಮ ಆ ನಾಲ್ಕು ಕಾಲಿನ ತುಂಡೇ ಬ್ರಿಡ್ಜ್ ರೆಕ್ಟಿಫೈಯರ್. ಒಳಗೆ ನಾಲ್ಕು ಡಯೋಡ್, ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಪಾರ್ಟ್. ಎಸಿ ಒಳಗೆ ಹೋಗಿ ಡಿಸಿ ಹೊರಗೆ ಬರುತ್ತದೆ. ಕ್ಷಣದಲ್ಲೇ ಫ್ಯೂಸ್ ಹಾರುತ್ತದೆ, ಗಾಜು ಬೆಳ್ಳಿಯಾಗಿದೆ, ಫ್ಯೂಸ್ ದಾಟಿದ ಕೂಡಲೇ ಬ್ರಿಡ್ಜ್ ಇದೆ. ನನ್ನ ಮೊದಲ ಅನುಮಾನ ಅದರ ಮೇಲೆಯೇ. ಆದರೂ ಅನುಮಾನದ ಮೇಲೆ ಪಾರ್ಟ್ ಬದಲಿಸಬೇಡಿ, ಅಳೆದು ನೋಡಿ.

ಪ್ಲಗ್ ಕಿತ್ತು ಗೋಡೆಯಿಂದ ದೂರ ಇಡಿ. ಸ್ವಿಚ್ ಆಫ್ ಮಾಡಿದರೆ ಸಾಲದು. ಆಮೇಲೆ ಆ ನೀಲಿ ಕೆಪಾಸಿಟರ್ ಖಾಲಿ ಮಾಡಿ. ಸ್ಕ್ರೂಡ್ರೈವರ್ ಇಟ್ಟು ಕಿಡಿ ಹಾರಿಸುವ ಅಭ್ಯಾಸ ಕೆಲವರಿಗಿದೆ, ಅದು ಕೆಟ್ಟದ್ದು. 100 ಓಮ್‌ನ, 5 ವಾಟ್‌ನ ರೆಸಿಸ್ಟರ್ ತಗೊಂಡು ಎರಡು ತುದಿಗೆ ಹಿಡಿಯಿರಿ. ಅದು 27,000 ಮೈಕ್ರೋಫ್ಯಾರಡ್ ಆಸುಪಾಸಿನ ಕೆಪಾಸಿಟರ್. ಲೆಕ್ಕ ಹಾಕಿದರೆ ಹದಿನೈದು ಸೆಕೆಂಡಿನಲ್ಲಿ ಖಾಲಿ. ಮೀಟರ್ ಇಟ್ಟು ಸೊನ್ನೆ ಬಂದದ್ದು ನೋಡಿ.

ಈಗ ಬ್ರಿಡ್ಜ್‌ನ ವೈರ್‌ಗಳ ಫೋಟೋ ತೆಗೆದುಕೊಂಡು ಎಲ್ಲ ಬಿಡಿಸಿ. ವೈರ್ ಇದ್ದಂತೆಯೇ ಅಳೆದರೆ ಟ್ರಾನ್ಸ್‌ಫಾರ್ಮರ್ ಸುರುಳಿಯ ಮೂಲಕ ಬೀಪ್ ಬಂದು ಸುಮ್ನೆ ದಾರಿ ತಪ್ಪಿಸುತ್ತದೆ. ಮೀಟರನ್ನು ಡಯೋಡ್ ಗುರುತಿಗೆ ಇಡಿ. ಒಂದೊಂದು ಎಸಿ ಕಾಲಿನಿಂದ ಪ್ಲಸ್‌ಗೆ, ಮೈನಸ್‌ನಿಂದ ಒಂದೊಂದು ಎಸಿ ಕಾಲಿಗೆ, ಹೀಗೆ ನಾಲ್ಕು ಜೋಡಿ. ಒಂದು ಕಡೆಯಿಂದ ಸುಮಾರು 0.5 ವೋಲ್ಟ್ ತೋರಿಸಬೇಕು. ಕಡ್ಡಿ ಅದಲು ಬದಲು ಮಾಡಿದರೆ ಏನೂ ತೋರಿಸಬಾರದು. ಎರಡು ಕಡೆಯೂ ಸೊನ್ನೆ ಬಂದರೆ ಆ ಡಯೋಡ್ ಶಾರ್ಟ್.

ಫ್ಯೂಸನ್ನೂ ಹೋಲ್ಡರ್‌ನಿಂದ ಹೊರಗೆ ತೆಗೆದೇ ಅಳೆಯಿರಿ. ಕಾರಣ ಅದೇ.

ಟೋಕನ್ ಡಬ್ಬಿ

ಬೆಂಗಳೂರಿನಿಂದ. ನಡುವೆ ಬಾಯಿ ಹಾಕುತ್ತಿದ್ದೇನೆ, ಆದರೆ ಭಾರತದಲ್ಲಿ ಇಂಥ ಮಶೀನ್ ಇಟ್ಟುಕೊಂಡವರಿಗೆ ಇದು ಬೇಕಾದ ಮಾತು.

ಅಮೆರಿಕದ ಮಶೀನ್‌ಗಳಲ್ಲಿ ಇರುವುದು 3ಎಜಿ ಅಳತೆಯ ಫ್ಯೂಸ್. ಸುಮಾರು 6.3 ಮಿಲಿಮೀಟರ್ ದಪ್ಪ, 32 ಮಿಲಿಮೀಟರ್ ಉದ್ದ. ನಮ್ಮ ಎಲೆಕ್ಟ್ರಾನಿಕ್ಸ್ ಅಂಗಡಿಗಳಿರುವ ಎಸ್‌ಪಿ ರೋಡಿನಲ್ಲಿ ಗಾಜಿನ ಫ್ಯೂಸ್ ಕೊಡಿ ಅಂದರೆ ಮೊದಲು ಕೈಗೆ ಬರುವುದು 5 ಮಿಲಿಮೀಟರ್ ದಪ್ಪ, 20 ಮಿಲಿಮೀಟರ್ ಉದ್ದದ್ದು. ಅದಕ್ಕೆ ಫಾಯಿಲ್ ಸುತ್ತಿ ಕೂರಿಸಬೇಡಿ. ಉದ್ದದ ಫ್ಯೂಸ್ ಅಂತ ಕೇಳಿ, ಎರಡು ಅಂಗಡಿ ಜಾಸ್ತಿ ತಿರುಗಿದರೆ ಸಿಗುತ್ತದೆ.

ಇನ್ನೊಂದು ಅಪಾಯ ಇದೆ. ಇದೇ ಅಳತೆಯಲ್ಲಿ ಕಾರಿನ ಫ್ಯೂಸ್ ಕೂಡ ಬರುತ್ತದೆ. ಅದರ ಮೇಲೆ 32 ವೋಲ್ಟ್ ಅಂತ ಕೊರೆದಿರುತ್ತದೆ. ಕಡಿಮೆ ವೋಲ್ಟಿನ ಕಡೆಗೆ ಅದು ನಡೆಯುತ್ತದೆ. ಮೇನ್ಸ್, ಅಂದರೆ ಗೋಡೆಯ ಕರೆಂಟ್ ಬರುವ ಕಡೆಗೆ ಮಾತ್ರ ಖಂಡಿತ ಬೇಡ. ತಂತಿ ಕರಗಿದ ಮೇಲೂ ಒಳಗೆ ಕಿಡಿ (ಆರ್ಕ್) ನಿಲ್ಲದೆ ಕರೆಂಟ್ ಹರಿಯುತ್ತಲೇ ಇರಬಹುದು. ಮೇನ್ಸ್‌ಗೆ 250 ವೋಲ್ಟ್ ಬರೆದದ್ದೇ ಆಗಬೇಕು. ಆಂಪಿಯರ್ ಅಷ್ಟೇ ಇರಬೇಕು, ವೋಲ್ಟ್ ಹೆಚ್ಚಿದ್ದರೆ ತೊಂದರೆ ಇಲ್ಲ.

ಸನ್ನಿವೇಲ್ ಸಂಜೆ

ಸಿಕ್ಕಿತು! ನಾಲ್ಕರಲ್ಲಿ ಮೂರು ಡಯೋಡ್ 0.5 ಆಸುಪಾಸು. ನಾಲ್ಕನೆಯದು ಎರಡು ಕಡೆಯೂ 0.00. ಬ್ರಿಡ್ಜ್ ಸತ್ತಿದೆ.

ಹೊಸದು 35 ಆಂಪಿಯರ್‌ದು ತರಿಸಿದ್ದೇನೆ. ಹಾಕಿ ಸೀದಾ ಆನ್ ಮಾಡಬಹುದಾ?

ಬೆಸುಗೆಕಡ್ಡಿ

ಸ್ವಲ್ಪ ತಾಳಿ. ಬ್ರಿಡ್ಜ್ ತಾನೇ ಸತ್ತಿತೋ, ಬೇರೆ ಯಾರಾದರೂ ಅದನ್ನು ಕೊಂದರೋ ಇನ್ನೂ ಗೊತ್ತಿಲ್ಲ. ನೀಲಿ ಕೆಪಾಸಿಟರ್ ಶಾರ್ಟ್ ಆಗಿದ್ದರೆ ಹೊಸ ಬ್ರಿಡ್ಜ್ ಕೂಡ ಅದೇ ದಾರಿ ಹಿಡಿಯುತ್ತದೆ.

ಈಗ ಸೀರೀಸ್ ಬಲ್ಬ್ ಕಟ್ಟಿ. ನಮ್ಮ ಕಡೆ ರೇಡಿಯೋ ಅಂಗಡಿಗಳಲ್ಲಿ ಗೋಡೆಗೆ ಒಂದು ಸೀರೀಸ್ ಬೋರ್ಡ್ ಇದ್ದೇ ಇರುತ್ತಿತ್ತು. ಒಂದು ಹೋಲ್ಡರ್, ಒಂದು ಸಾಕೆಟ್. ಫೇಸ್ ವೈರ್ ಬಲ್ಬಿನ ಮೂಲಕ ಹಾದು ಸಾಕೆಟ್‌ಗೆ ಬರುತ್ತದೆ. ರಿಪೇರಿಗೆ ಬಂದ ಪೆಟ್ಟಿಗೆಯನ್ನು ಮೊದಲು ಅದಕ್ಕೇ ಚುಚ್ಚುತ್ತಿದ್ದೆವು. ಹಳೇ ಕಾಲದ ತಂತಿ ಬಲ್ಬೇ ಬೇಕು. ಎಲ್‌ಇಡಿ ನಡೆಯುವುದಿಲ್ಲ.

ಇದರ ಕೆಲಸ ಬಹಳ ಚೆಂದ. ಬಲ್ಬಿನ ತಂತಿ ತಣ್ಣಗಿದ್ದಾಗ ರೆಸಿಸ್ಟೆನ್ಸ್ ತುಂಬ ಕಡಿಮೆ, ಬಿಸಿಯಾದಾಗ ಸುಮಾರು ಹತ್ತು ಪಟ್ಟು. ಪೆಟ್ಟಿಗೆ ಕಡಿಮೆ ಕರೆಂಟ್ ಎಳೆದರೆ ಬಲ್ಬ್ ತಣ್ಣಗೆ ಇದ್ದು ದಾರಿ ಬಿಡುತ್ತದೆ. ಶಾರ್ಟ್ ಇದ್ದರೆ ತಾನೇ ಉರಿದು ತಡೆಯುತ್ತದೆ. ನಿಮ್ಮಲ್ಲಿ 120 ವೋಲ್ಟ್. 100 ವಾಟ್ ಬಲ್ಬ್ ಹಾಕಿದರೆ ಎಷ್ಟೇ ಕೆಟ್ಟ ಶಾರ್ಟ್ ಇದ್ದರೂ ಗೋಡೆಯಿಂದ 0.83 ಆಂಪಿಯರ್ ಮೀರುವುದಿಲ್ಲ. ಫ್ಯೂಸ್ ಖರ್ಚಾಗುವುದಿಲ್ಲ, ಹೊಗೆ ಬರುವುದಿಲ್ಲ.

ಕ್ರಮ ಹೀಗೆ. ಆಡಿಯೋ ಬೋರ್ಡ್, ಗೇಮ್ ಬೋರ್ಡ್, ಮಾನಿಟರ್ ಎಲ್ಲದರ ಕನೆಕ್ಟರ್ ತೆಗೆದಿಡಿ. ಮೇನ್ಸ್ ಫ್ಯೂಸ್ ಬಿಟ್ಟು ಉಳಿದ ಫ್ಯೂಸ್ ಎಲ್ಲ ಹೊರಗೆ. ಬರೀ ಟ್ರಾನ್ಸ್‌ಫಾರ್ಮರ್‌ಗೆ ಕರೆಂಟ್ ಕೊಡಿ. ಬಲ್ಬ್ ಮಿಣುಕು ಅಷ್ಟೇ ಇರಬೇಕು. ಆಗಲೇ ಜೋರಾಗಿ ಉರಿದರೆ ಟ್ರಾನ್ಸ್‌ಫಾರ್ಮರ್ ಅಥವಾ ಲೈನ್ ಫಿಲ್ಟರ್ ನೋಡಬೇಕು. ಆಮೇಲೆ ಹೊಸ ಬ್ರಿಡ್ಜ್, ಅದರ ಫ್ಯೂಸ್. ಆಮೇಲೆ ಕೆಪಾಸಿಟರ್. ಅದು ಸೇರಿದಾಗ ಬಲ್ಬ್ ಒಮ್ಮೆ ಪಕ್ಕನೆ ಹೊತ್ತಿ ಮಂಕಾಗಬೇಕು. ಹೊತ್ತೇ ಇದ್ದರೆ ಕೆಪಾಸಿಟರ್ ಕೆಟ್ಟಿದೆ.

ಆ ಬ್ರಿಡ್ಜ್ ಕೆಳಗೆ ಹಳೆಯ ಪೇಸ್ಟ್ ಕೆರೆದು ಹೊಸ ಥರ್ಮಲ್ ಪೇಸ್ಟ್ ತೆಳ್ಳಗೆ ಸವರಿ. ತಳದ ಕಬ್ಬಿಣವೇ ಅದರ ಹೀಟ್‌ಸಿಂಕ್. ಪ್ಲಸ್ ಗುರುತು ಎರಡು ಸಲ ನೋಡಿ. ಅದು ತಿರುಗಿದರೆ ಕೆಪಾಸಿಟರ್ ಸಿಡಿಯುತ್ತದೆ.

ಗೆರೆ ಚಿತ್ರ

ಅಟಾರಿ ಕ್ಯಾಬಿನೆಟ್‌ನಲ್ಲಿ ಇಂಟರ್‌ಲಾಕ್ ಸ್ವಿಚ್ ಇರುತ್ತದೆ. ಬಾಗಿಲು ತೆಗೆದರೆ ಕರೆಂಟ್ ಕಡಿದುಹೋಗುತ್ತದೆ. ಅದರ ಕಡ್ಡಿಯನ್ನು ಹೊರಗೆ ಎಳೆದರೆ ಸರ್ವಿಸ್‌ಗಾಗಿ ಆನ್ ಆಗುತ್ತದೆ. ಬಲ್ಬ್ ಉರಿಯಲೇ ಇಲ್ಲ, ಎಲ್ಲ ಸರಿ ಇದೆ ಅಂತ ಇದರಿಂದ ಮೋಸ ಹೋಗಬೇಡಿ. ಆ ಸ್ವಿಚ್‌ಗೆ ಯಾರಾದರೂ ಟೇಪ್ ಸುತ್ತಿದ್ದರೆ ಈಗಲೇ ಬಿಚ್ಚಿ.

ಸನ್ನಿವೇಲ್ ಸಂಜೆ

ನಿನ್ನೆ ರಾತ್ರಿ ಹೆಂಡತಿಯನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಮಾಡಿದೆ. ಏನಾದರೂ ಆದರೆ ಪ್ಲಗ್ ಕೀಳಲಿ ಅಂತ.

ಟ್ರಾನ್ಸ್‌ಫಾರ್ಮರ್ ಮಾತ್ರ: ಬಲ್ಬ್ ಮಿಣುಕು. ಬ್ರಿಡ್ಜ್ ಸೇರಿಸಿ: ಅಷ್ಟೇ. ನೀಲಿ ಕೆಪಾಸಿಟರ್ ಸೇರಿಸಿ: ಪಕ್ಕನೆ ಹೊತ್ತಿ ಆರಿತು. ನೀವು ಹೇಳಿದ ಹಾಗೇ. ನನಗೆ ಕಣ್ಣು ತುಂಬಿ ಬಂತು, ನಿಜವಾಗಿ ಹೇಳುತ್ತಿದ್ದೇನೆ. ಎಂಟು ಸಾವಿರ ಮೈಲಿ ಆಚೆ ಕೂತ ಒಬ್ಬರು ಹೇಳಿದ್ದು ನನ್ನ ಗ್ಯಾರೇಜಿನಲ್ಲಿ ಹಾಗೇ ನಡೆಯಿತು.

ಈಗ ಆಡಿಯೋ ರೆಗ್ಯುಲೇಟರ್ ಬೋರ್ಡ್ ಸೇರಿಸಲಾ?

ಗೆರೆ ಚಿತ್ರ

ಸೇರಿಸಿ. ಆದರೆ ಗೇಮ್ ಬೋರ್ಡ್ ಇನ್ನೂ ಬೇಡ.

ಆ ನೀಲಿ ಕೆಪಾಸಿಟರ್‌ನಿಂದ 10 ವೋಲ್ಟ್ ಚಿಲ್ಲರೆ ಬರುತ್ತದೆ. ಅದನ್ನು 5 ವೋಲ್ಟ್‌ಗೆ ಇಳಿಸುವುದು ಈ ಬೋರ್ಡ್. ಎಲ್‌ಎಂ305 ಎಂಬ ರೆಗ್ಯುಲೇಟರ್ ಮಿದುಳು, 2ಎನ್3055 ಎಂಬ ದಪ್ಪ ಟ್ರಾನ್ಸಿಸ್ಟರ್ ಸ್ನಾಯು. 2ಎನ್3055 ಶಾರ್ಟ್ ಆದರೆ 10 ವೋಲ್ಟ್ ನೇರ ಗೇಮ್ ಬೋರ್ಡ್‌ಗೆ ಹೋಗಿ ಐಸಿಗಳು ಸತ್ತುಹೋಗುತ್ತವೆ. ಹಾಗಾಗಿ ಮೊದಲು ಅದರ ಕಾಲುಗಳನ್ನು ಅಳೆಯಿರಿ. ಕಲೆಕ್ಟರ್‌ನಿಂದ ಎಮಿಟರ್‌ಗೆ ಎರಡು ಕಡೆಯೂ ಬೀಪ್ ಬರಬಾರದು. ಇದೇ ಬೋರ್ಡಿನ ಮೇಲೆ ಟಿಡಿಎ2002 ಆಡಿಯೋ ಐಸಿಗಳೂ ಇವೆ. ಅವು ಶಾರ್ಟ್ ಆದರೂ ಫ್ಯೂಸ್ ಎಳೆದುಕೊಂಡು ಹೋಗುತ್ತವೆ.

ಆಮೇಲೆ ಗೇಮ್ ಬೋರ್ಡ್. ಅಷ್ಟರಲ್ಲಿ ಸೀರೀಸ್ ಬಲ್ಬ್ ತೆಗೆದುಬಿಡಿ. ಬಲ್ಬ್ ಇದ್ದರೆ ವೋಲ್ಟೇಜ್ ಕುಗ್ಗಿ, ಗೇಮ್ ಓಡದೆ, ಬೋರ್ಡ್ ಕೆಟ್ಟಿದೆ ಅಂತ ತಪ್ಪು ತಿಳಿಯುತ್ತೀರಿ. 5 ವೋಲ್ಟನ್ನು ಗೇಮ್ ಬೋರ್ಡಿನ ಮೇಲೆಯೇ ಅಳೆಯಿರಿ. ರೆಗ್ಯುಲೇಟರ್ ಬೋರ್ಡಿನಲ್ಲೂ ಅಳೆಯಿರಿ. ಎರಡರ ನಡುವೆ ಜಾಸ್ತಿ ವ್ಯತ್ಯಾಸ ಇದ್ದರೆ ವೋಲ್ಟ್ ಹೊಂದಿಸುವ ಪಾಟ್ ತಿರುಗಿಸಿ ಏರಿಸಬೇಡಿ, ಕನೆಕ್ಟರ್ ಕ್ಲೀನ್ ಮಾಡಿ. ವೋಲ್ಟೇಜ್ ನಷ್ಟ ಆಗುತ್ತಿರುವುದು ಅಲ್ಲೇ.

ಸನ್ನಿವೇಲ್ ಸಂಜೆ

ಶನಿವಾರ ಸಂಜೆಯ ವರದಿ. ಗೇಮ್ ಬೋರ್ಡಿನಲ್ಲಿ 5.02 ವೋಲ್ಟ್. ರೆಗ್ಯುಲೇಟರ್‌ನಲ್ಲಿ 5.09. ಮಾನಿಟರ್ ಇನ್ನೂ ಸೇರಿಸಿಲ್ಲ. ಕಾಯಿನ್ ಸ್ವಿಚ್ ಒತ್ತಿ ಸ್ಟಾರ್ಟ್ ಒತ್ತಿದರೆ ಸ್ಪೀಕರ್‌ನಿಂದ ಆ ಎದೆಬಡಿತದ ಶಬ್ದ. ಡುಮ್, ಡುಮ್, ಡುಮ್. ಮಗಳು ಓಡಿ ಬಂದಳು. ಕಪ್ಪು ಪರದೆಯ ಮುಂದೆ ನಿಂತು ಗುಂಡು ಹಾರಿಸಿದಳು.

25 ನಿಮಿಷ ಆದ ಮೇಲೆ ಎಲ್ಲ ನಿಂತಿತು. ಅದೇ ಫ್ಯೂಸ್. ಈ ಸಲ ಲೇಬಲ್ ಹೇಳಿದ ಸರಿಯಾದ ಆಂಪಿಯರ್‌ದೇ ಹಾಕಿದ್ದೆ. ಬ್ರಿಡ್ಜ್ ಮತ್ತೆ ಅಳೆದೆ, ಚೆನ್ನಾಗಿದೆ. ಫ್ಯೂಸ್ ಒಳಗೆ ತಂತಿ ಇಡೀ ಇದೆ! ಕಣ್ಣಿಗೆ ಪೂರ್ತಿ ಸರಿ ಕಾಣುತ್ತದೆ. ಮೀಟರ್ ಮಾತ್ರ ಬೀಪ್ ಅನ್ನುತ್ತಿಲ್ಲ.

ಬೆಸುಗೆಕಡ್ಡಿ

ತಂತಿ ಇಡೀ ಇದೆ ಅಂದಿರಲ್ಲ, ಅದೇ ಮುಖ್ಯ. ಈ ಫ್ಯೂಸ್ ಕರೆಂಟ್ ಜಾಸ್ತಿಯಾಗಿ ಹೋದದ್ದಲ್ಲ. ಹೊರಗಿನ ಬಿಸಿಗೆ ಹೋಗಿದೆ.

ಫ್ಯೂಸಿನ ಎರಡು ತುದಿಯಲ್ಲಿ ಲೋಹದ ಟೋಪಿ ಇದೆ ನೋಡಿ. ಒಳಗಿನ ತಂತಿಯನ್ನು ಆ ಟೋಪಿಗೆ ಬೆಸುಗೆ ಹಾಕಿರುತ್ತಾರೆ. ಹೋಲ್ಡರ್ ಕ್ಲಿಪ್ ಸಡಿಲ ಆಗಿದ್ದರೆ, ತುಕ್ಕು ಹಿಡಿದಿದ್ದರೆ, ಅಲ್ಲಿ ರೆಸಿಸ್ಟೆನ್ಸ್ ಬರುತ್ತದೆ. 5 ಆಂಪಿಯರ್ ಹರಿಯುವ ಕಡೆ 0.2 ಓಮ್ ಇದ್ದರೂ 5 ವಾಟ್ ಬಿಸಿ. ಆ ಚಿಕ್ಕ ಕ್ಲಿಪ್‌ಗೆ ಅದು ಬಹಳ ಆಯಿತು. ನಿಧಾನಕ್ಕೆ ಬೆಸುಗೆ ಕರಗಿ ತಂತಿ ಬಿಟ್ಟುಕೊಳ್ಳುತ್ತದೆ. 20, 30 ನಿಮಿಷ ಬೇಕು ಅದಕ್ಕೆ. ನಿಮ್ಮ 25 ನಿಮಿಷ ಅಲ್ಲಿಗೇ ಹೊಂದುತ್ತದೆ.

ಹಿಂದಿನವರು ದೊಡ್ಡ ಫ್ಯೂಸ್ ಯಾಕೆ ಹಾಕಿದರು ಅಂತಲೂ ಈಗ ಊಹಿಸಬಹುದು. ಅರ್ಧ ಗಂಟೆಗೊಮ್ಮೆ ಫ್ಯೂಸ್ ಹೋಗುತ್ತಿತ್ತು, ಅವರು ಆಂಪಿಯರ್ ಏರಿಸಿದರು. ದೋಷ ಕ್ಲಿಪ್‌ನಲ್ಲಿತ್ತು.

ಹೊಸ ಫ್ಯೂಸ್ ಹಾಕಿ, ಮಶೀನ್ ಓಡುವಾಗ ಮೀಟರನ್ನು ಎಸಿ ಮಿಲಿವೋಲ್ಟ್‌ಗೆ ಇಟ್ಟು ಫ್ಯೂಸಿನ ಆ ಕಡೆ ಈ ಕಡೆಯ ವೈರ್ ತುದಿಗೆ ಮುಟ್ಟಿಸಿ. ಕ್ಲಿಪ್ ಸಮೇತ ಅಳೆಯಬೇಕು. ಅಲ್ಲಿ ಕಾಣುವ ವೋಲ್ಟ್ ಎಲ್ಲ ಬಿಸಿಯಾಗಿ ಹೋಗುತ್ತಿರುವುದು. ಮೇನ್ಸ್ ಫ್ಯೂಸ್ ಕಡೆಗೆ ಕೈ ಹೋಗದಂತೆ ನೋಡಿಕೊಳ್ಳಿ, ಒಂದು ಕೈ ಬೆನ್ನ ಹಿಂದೆ ಇರಲಿ.

ಸನ್ನಿವೇಲ್ ಸಂಜೆ

850 ಮಿಲಿವೋಲ್ಟ್. ಅದೇ ಬ್ಲಾಕಿನ ಬೇರೆ ಫ್ಯೂಸ್‌ಗಳಲ್ಲಿ 100 ಕೂಡ ದಾಟುತ್ತಿಲ್ಲ. ಆಫ್ ಮಾಡಿ, ಪ್ಲಗ್ ಕಿತ್ತು ಬೆರಳಿಟ್ಟೆ, ಕ್ಲಿಪ್ ಸುಡುತ್ತಿತ್ತು. ಅದರ ಕೆಳಗಿನ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿದೆ. ಇದನ್ನು ಮೊದಲ ದಿನವೇ ನೋಡಿದ್ದೆ, ಹಳೇ ಕೊಳೆ ಅಂದುಕೊಂಡಿದ್ದೆ.

ಕ್ಲಿಪ್ ಬಗ್ಗಿಸಿ ಬಿಗಿ ಮಾಡಿದರೆ ಸಾಕಾ?

ಗೆರೆ ಚಿತ್ರ

ಸಾಲದು. ಒಮ್ಮೆ ಹೀಗೆ ಕಾದ ಕ್ಲಿಪ್ ತನ್ನ ಸ್ಪ್ರಿಂಗ್ ಗುಣ ಕಳೆದುಕೊಂಡಿರುತ್ತದೆ. ಇವತ್ತು ಬಿಗಿ ಇರುತ್ತದೆ, ಒಂದು ವಾರಕ್ಕೆ ಮತ್ತೆ ಸಡಿಲ. ಇಡೀ ಬ್ಲಾಕ್ ಬದಲಿಸಿ. ಕ್ಲಿಪ್‌ಗೆ ಬಂದು ಸೇರುವ ವೈರಿನ ತುದಿಯೂ ಸುಟ್ಟು ಗಡುಸಾಗಿರುತ್ತದೆ. ತಾಮ್ರ ಹೊಳೆಯುವವರೆಗೆ ಹಿಂದಕ್ಕೆ ಕತ್ತರಿಸಿ ಹೊಸದಾಗಿ ಸೇರಿಸಿ.

ಟೋಕನ್ ಡಬ್ಬಿ

ಇದನ್ನು ಓದಿ ನನ್ನ ಮಶೀನ್ ತೆಗೆದು ನೋಡಿದೆ. ನನ್ನದು ಮಿಡ್‌ವೇ ಕಂಪನಿಯ ಪ್ಯಾಕ್-ಮ್ಯಾನ್, ಅಮೆರಿಕದಿಂದ ಸಾಮಾನಿನ ಜೊತೆ ಬಂದದ್ದು. ಅದರ ರಚನೆ ಬೇರೆ. ಟ್ರಾನ್ಸ್‌ಫಾರ್ಮರ್‌ನಿಂದ 7 ವೋಲ್ಟ್ ಎಸಿ ನೇರ ಗೇಮ್ ಬೋರ್ಡಿಗೇ ಹೋಗುತ್ತದೆ. ಎಸಿಯನ್ನು ಡಿಸಿ ಮಾಡುವ ಡಯೋಡು, ಕೆಪಾಸಿಟರ್ ಎಲ್ಲ ಬೋರ್ಡಿನ ಮೇಲೆ. ಹಾಗಾಗಿ ಅಷ್ಟೂ ಕರೆಂಟ್ ಬೋರ್ಡಿನ ಅಂಚಿನ ಕನೆಕ್ಟರ್ ದಾಟಬೇಕು. ನನ್ನದರಲ್ಲಿ ಆ ಅಂಚಿನ ಎರಡು ಲೋಹದ ಪಟ್ಟಿ ಕಪ್ಪಾಗಿವೆ. ಫ್ಯೂಸ್ ಕ್ಲಿಪ್‌ನ ಕಥೆಯೇ ಇಲ್ಲೂ, ಜಾಗ ಬೇರೆ ಅಷ್ಟೇ.

ಇದರಲ್ಲಿ ಫ್ಯೂಸ್ ಹಾರಿದರೆ ಹುಡುಕುವುದು ಸುಲಭ. ಗೇಮ್ ಬೋರ್ಡಿನ ಕನೆಕ್ಟರ್ ಎಳೆದು ಆನ್ ಮಾಡಿ. ಫ್ಯೂಸ್ ಉಳಿದರೆ ದೋಷ ಬೋರ್ಡಿನಲ್ಲಿ. ಉಳಿಯದಿದ್ದರೆ ವೈರಿಂಗ್‌ನಲ್ಲಿ.

ಬೆಸುಗೆಕಡ್ಡಿ ಸರ್‌ಗೆ ಒಂದು ಪ್ರಶ್ನೆ. ನಾನು ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಇಟ್ಟು 120 ವೋಲ್ಟ್ ಮಾಡಿಕೊಂಡು ಓಡಿಸುತ್ತೇನೆ. ಆದರೂ ಒಳಗಿನ ಟ್ರಾನ್ಸ್‌ಫಾರ್ಮರ್ ತುಂಬ ಬಿಸಿ. ಯಾಕೆ?

ಬೆಸುಗೆಕಡ್ಡಿ

ವೋಲ್ಟ್ ಇಳಿಸಿದಿರಿ, ಹರ್ಟ್ಸ್ ಬದಲಾಗಲಿಲ್ಲವಲ್ಲ. ಅಲ್ಲಿಯ ಕರೆಂಟ್ 60 ಹರ್ಟ್ಸ್, ನಮ್ಮದು 50. 60ಕ್ಕೆ ಮಾಡಿದ ಟ್ರಾನ್ಸ್‌ಫಾರ್ಮರ್ 50ರಲ್ಲಿ ಜಾಸ್ತಿ ಮ್ಯಾಗ್ನೆಟೈಸಿಂಗ್ ಕರೆಂಟ್ ಎಳೆದು ಹೆಚ್ಚು ಬಿಸಿಯಾಗುತ್ತದೆ. 120ರ ಬದಲು 110 ಕೊಡುವ ಸ್ಟೆಪ್‌ಡೌನ್ ಇಟ್ಟರೆ ಬಿಸಿ ತಗ್ಗುತ್ತದೆ. ಬೋರ್ಡಿನಲ್ಲಿ 5 ವೋಲ್ಟ್ ಸರಿಯಾಗಿ ಬರುತ್ತಿದೆಯಾ ಅಂತ ನೋಡಿಕೊಂಡು ಮಾಡಿ. ಹಿಂದಿನ ಬಾಗಿಲಿನ ಗಾಳಿ ಕಿಂಡಿ ಗೋಡೆಗೆ ಒತ್ತಿಕೊಂಡಿರದಂತೆ ಇಡಿ.

ಸನ್ನಿವೇಲ್ ಗೆಳೆಯರೇ, ಹೊಸ ಬ್ಲಾಕ್ ಏನಾಯಿತು?

ಸನ್ನಿವೇಲ್ ಸಂಜೆ

ಬಂತು, ಹಾಕಿದೆ. 850 ಇದ್ದದ್ದು 70 ಮಿಲಿವೋಲ್ಟ್ ಆಯಿತು. ಎರಡು ಗಂಟೆ ಓಡಿಸಿದೆ, ಕ್ಲಿಪ್ ಬೆಚ್ಚಗೆ ಅಷ್ಟೇ.

ಧೈರ್ಯ ಬಂದು ಮಾನಿಟರ್ ಸೇರಿಸಿದೆ. ಈಗ ಮಾನಿಟರ್‌ಗೆ ಹೋಗುವ ಫ್ಯೂಸ್ ಒತ್ತಿದ ಕ್ಷಣವೇ ಹೋಯಿತು. ಗಾಜು ಬೆಳ್ಳಿ. 10 ವೋಲ್ಟಿನದು ಚೆನ್ನಾಗಿದೆ. ಗೆರೆ ಚಿತ್ರ ಮೇಡಂ, ಈಗ ನಿಮ್ಮನ್ನು ಕರೆಯುತ್ತಿದ್ದೇನೆ.

ಗೆರೆ ಚಿತ್ರ

ಬಂದೆ. ಮೊದಲು ಎಚ್ಚರಿಕೆ. ಇಲ್ಲಿಂದ ಮುಂದೆ ಪಿಕ್ಚರ್ ಟ್ಯೂಬ್ ಇದೆ. ಅದರ ಪಕ್ಕದ ರಬ್ಬರ್ ಟೋಪಿಯ ಕೆಳಗೆ ಸಾವಿರಾರು ವೋಲ್ಟ್ ಇರುತ್ತದೆ. ಪ್ಲಗ್ ಕಿತ್ತ ಮೇಲೂ ಉಳಿದಿರಬಹುದು. ನಾವು ಅಳೆಯಬೇಕಾದದ್ದು ಆ ಕಡೆ ಇಲ್ಲ. ಅದನ್ನು ಮುಟ್ಟಲೇಬೇಡಿ. ಟ್ಯೂಬಿನ ಕತ್ತಿನ ಹತ್ತಿರವೂ ಕೈ ಬೇಡ.

ಆಸ್ಟರಾಯ್ಡ್ಸ್ ಟಿವಿಯ ಹಾಗೆ ಸಾಲು ಸಾಲಾಗಿ ಚಿತ್ರ ಬಿಡಿಸುವುದಿಲ್ಲ. ಟ್ಯೂಬಿನೊಳಗಿನ ಎಲೆಕ್ಟ್ರಾನ್ ಬೀಮ್ ಪೆನ್ಸಿಲ್ ಹಾಗೆ ಗೆರೆ ಎಳೆಯುತ್ತದೆ. ಬೀಮನ್ನು ಅಡ್ಡಕ್ಕೂ ಉದ್ದಕ್ಕೂ ಓಡಾಡಿಸಲು ಎರಡು ದೊಡ್ಡ ಆಂಪ್ಲಿಫೈಯರ್. ಒಂದೊಂದಕ್ಕೆ ಒಂದು ಜೋಡಿ ಟ್ರಾನ್ಸಿಸ್ಟರ್, ಒಂದು 2ಎನ್3716, ಒಂದು 2ಎನ್3792. ಒಟ್ಟು ನಾಲ್ಕು. ಮಾನಿಟರಿನ ಲೋಹದ ಚೌಕಟ್ಟಿಗೆ ಸ್ಕ್ರೂ ಹಾಕಿ ಕೂರಿಸಿರುತ್ತಾರೆ. ನೋಡಲು ಸೋಡಾ ಬಾಟಲಿ ಮುಚ್ಚಳದ ಹಾಗೆ. ಅವಕ್ಕೆ ಬೇಕಾದ 60 ವೋಲ್ಟ್ ಎಸಿ ನಿಮ್ಮ ಈ ಫ್ಯೂಸ್ ದಾಟಿ ಬರುತ್ತದೆ.

ಈ ಟ್ರಾನ್ಸಿಸ್ಟರಿನ ಲೋಹದ ಮೈಯೇ ಅದರ ಕಲೆಕ್ಟರ್. ಚೌಕಟ್ಟಿಗೆ ತಾಗಬಾರದು ಅಂತ ನಡುವೆ ತೆಳ್ಳನೆ ಮೈಕಾ ಹಾಳೆ ಇದೆ. ಎರಡು ಅಳತೆ ಮಾಡಿ. ಪ್ರತಿ ಟ್ರಾನ್ಸಿಸ್ಟರಿನ ಮೈಗೂ ಎಮಿಟರ್‌ಗೂ ನಡುವೆ ಶಾರ್ಟ್ ಇದೆಯಾ? ಮೈಗೂ ಚೌಕಟ್ಟಿಗೂ ನಡುವೆ ಶಾರ್ಟ್ ಇದೆಯಾ? ಮೊದಲನೆಯದಾದರೆ ಟ್ರಾನ್ಸಿಸ್ಟರ್ ಸತ್ತಿದೆ. ಎರಡನೆಯದು ಮಾತ್ರ ಆದರೆ ಮೈಕಾ ಹರಿದಿದೆ, ಟ್ರಾನ್ಸಿಸ್ಟರ್ ಬದುಕಿರಬಹುದು. ಈ ಎರಡನೆಯದನ್ನು ಜನ ನೋಡುವುದೇ ಇಲ್ಲ. ಹೊಸ ಟ್ರಾನ್ಸಿಸ್ಟರ್ ಹಾಕಿ, ಅದೇ ಹರಿದ ಮೈಕಾ ಇಟ್ಟು, ಮತ್ತೆ ಫ್ಯೂಸ್ ಕಳೆದುಕೊಳ್ಳುತ್ತಾರೆ.

ಸರಿಯಾದ ಮೇಲೆ ಮೊದಲ ಸಲ ಆನ್ ಮಾಡುವಾಗ ಬ್ರೈಟ್‌ನೆಸ್ ಪೂರ್ತಿ ತಗ್ಗಿಸಿ. ಬೀಮ್ ಓಡಾಡದೆ ಒಂದೇ ಕಡೆ ನಿಂತರೆ ಪರದೆಯ ನಡುವೆ ಚುಕ್ಕೆ ಸುಟ್ಟುಹೋಗುತ್ತದೆ. ಆ ಗುರುತು ಮತ್ತೆ ಹೋಗುವುದಿಲ್ಲ.

ಸನ್ನಿವೇಲ್ ಸಂಜೆ

ಮೂರು ಟ್ರಾನ್ಸಿಸ್ಟರ್ ಚೆನ್ನಾಗಿವೆ. ಒಂದು 2ಎನ್3792 ಕಲೆಕ್ಟರ್‌ನಿಂದ ಎಮಿಟರ್‌ಗೆ ಶಾರ್ಟ್. ಬಿಚ್ಚಿ ನೋಡಿದರೆ ಅದರ ಮೈಕಾದ ಮೂಲೆಯೂ ಹರಿದಿತ್ತು, ಕೆಳಗೆ ಸೋಲ್ಡರ್‌ನ ಚಿಕ್ಕ ಹರಳು ಸಿಕ್ಕಿಕೊಂಡಿತ್ತು. ಆ ಜೋಡಿಯ ಎರಡೂ ಟ್ರಾನ್ಸಿಸ್ಟರ್ ಹೊಸದು ಹಾಕಿದೆ. ನಾಲ್ಕಕ್ಕೂ ಹೊಸ ಮೈಕಾ, ಹೊಸ ಪೇಸ್ಟ್. ಮೈಯಿಂದ ಚೌಕಟ್ಟಿಗೆ ನಾಲ್ಕು ಸಲ ಅಳೆದೆ.

ಬ್ರೈಟ್‌ನೆಸ್ ತಗ್ಗಿಸಿ ಆನ್ ಮಾಡಿದೆ. ಫ್ಯೂಸ್ ನಿಂತಿತು. ನಿಧಾನಕ್ಕೆ ಏರಿಸಿದೆ. ಕಪ್ಪು ಪರದೆಯಲ್ಲಿ ಗೆರೆಗಳು ಬಂದವು. ಬಂಡೆಗಳು, ನಡುವೆ ಆ ಚಿಕ್ಕ ತ್ರಿಕೋನ. ಗುಂಡು ಹಾರಿಸಿದರೆ ಆ ಚುಕ್ಕೆ ಎಷ್ಟು ಹೊಳೆಯುತ್ತದೆ! ಕಂಪ್ಯೂಟರಿನಲ್ಲಿ ಇದೇ ಗೇಮ್ ಎಷ್ಟೋ ಸಲ ಆಡಿದ್ದೇನೆ, ಆ ಹೊಳಪು ಅಲ್ಲಿ ನೋಡಿಯೇ ಇರಲಿಲ್ಲ.

ಈಗ ಮೂರು ಗಂಟೆಯಿಂದ ಓಡುತ್ತಿದೆ. ಮಗಳು ಹೈ ಸ್ಕೋರ್ ಮಾಡಿ ಮೂರು ಅಕ್ಷರ ಬರೆದಿದ್ದಾಳೆ. ಆಫ್ ಮಾಡಿದರೆ ಈ ಮಶೀನು ಸ್ಕೋರ್ ಮರೆತುಬಿಡುತ್ತದಂತೆ. ಅದಕ್ಕೆ ಆಫ್ ಮಾಡಲು ಬಿಡುತ್ತಿಲ್ಲ. ಫೋಟೋ ತೆಗೆದುಕೊಡುತ್ತೇನೆ ಅಂತ ಒಪ್ಪಿಸಬೇಕು.

ಒಂದೇ ಒಂದು ಉಳಿದಿದೆ. ಕಾಯಿನ್ ಹಾಕುವ ಬಾಗಿಲಿನ ದೀಪ ಉರಿಯುತ್ತಿಲ್ಲ.

ಬೆಸುಗೆಕಡ್ಡಿ

ತುಂಬ ಸಂತೋಷ ಆಯಿತಪ್ಪ. ಮಗುವಿಗೆ ನನ್ನ ಆಶೀರ್ವಾದ ಹೇಳಿ.

ದೀಪಕ್ಕೆ ಬರುವುದು 6 ವೋಲ್ಟ್ ಆಸುಪಾಸಿನ ಎಸಿ, ಅದೇ ಟ್ರಾನ್ಸ್‌ಫಾರ್ಮರ್‌ನಿಂದ. ಅದಕ್ಕೂ ಫ್ಯೂಸ್ ಇರಬಹುದು. ಪ್ಲಗ್ ಕಿತ್ತು, ಹೊರಗೆ ತೆಗೆದು, ಗಾಜು ನೋಡಿ ಹೇಳಿ.

ಸನ್ನಿವೇಲ್ ಸಂಜೆ

ಮಗಳು ಮಲಗಿದ ಮೇಲೆ ಪ್ಲಗ್ ಕೀಳುತ್ತೇನೆ ಸರ್.